ಅಂತೋಣಿಯಪ್ಪನಿಗೆ ಒಂದು ಮಾತು

ಬೇಲಿಯಾಚೆ ಮನೆಯಲ್ಲಿ ಏನೇ ಕಳೆದುಹೋದರೂ ಮೊದಲು ಕೂಗು ಬೀಳುವುದು ಅಂತೋಣಿಯಪ್ಪನಿಗೆ. ಬೀರುವಿನ ಕೀಲಿ, ಗ್ಯಾಸ್ ಪುಸ್ತಕ, ಮಗನ ಒಂಟಿ ಸಾಕ್ಸು, ಆಧಾರ್ ಕಾರ್ಡಿನ ಜೆರಾಕ್ಸು, ಯಾವುದೂ ಆತನ ಅಂತಸ್ತಿಗೆ ಕಮ್ಮಿಯಲ್ಲ. ಟೀಚರಮ್ಮ ಸೆರಗು ಸೊಂಟಕ್ಕೆ ಸಿಗಿಸಿ, ಹಾಸಿಗೆ ಕೊಡವುತ್ತಲೇ, "ಅಂತೋಣಿಯಪ್ಪಾ, ಬೇಗ ಹುಡುಕಿಕೊಡು, ಮಂಗಳವಾರ ಮೇಣದಬತ್ತಿ ಹಚ್ತೀನಿ" ಅಂತ ಜೋರಾಗಿ ಹೇಳುತ್ತಾರೆ. ಕೈ ಮುಗಿಯುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಮೈದುನನಿಗೆ ಅಂಗಡಿಗೆ ಹೋಗಿ ಬಾ ಅನ್ನುವ ಧಾಟಿ ಅದು. ಸಿಕ್ಕಿದರೆ "ಸಿಕ್ತು ಬಿಡಪ್ಪಾ" ಅನ್ನುವ ವರದಿಯೂ ಆತನಿಗೇ. ಬೇಲಿಯ ಈಚೆ ಕರಿಬೇವು ಕೀಳುತ್ತಾ ನಿಂತ ನನಗೆ ಕೀಲಿ ಎಲ್ಲಿತ್ತು ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಫ್ರಿಜ್ ಮೇಲೆ.

ಬಸವಾಪಟ್ಟಣಕ್ಕೆ ಈ ಸಂತ ಅಂತೋಣಿಯಪ್ಪ ಎಲ್ಲಿಂದ ಬಂದ ಅಂತೀರಾ? ಬರದೆ ಇದ್ದವರು ಯಾರಿದ್ದಾರೆ ಹೇಳಿ. ನಮ್ಮೂರು ಪಾಳೆಯಗಾರರನ್ನು ಕಂಡಿದೆ, ಬಿಜಾಪುರದ ದಂಡನ್ನು ಕಂಡಿದೆ, ಮೊಗಲರ ಕಾಲಕ್ಕೆ ಶಿರಾ ಸುಭಾದ ಏಳು ಪರಗಣಗಳಲ್ಲಿ ಒಂದಾಗಿ ಮೆರೆದಿದೆ. ಈಗ ಕೋಟೆ ಬಿದ್ದಿದೆ, ಅಡಿಕೆ ಎದ್ದಿದೆ. ಅಂತೋಣಿಯಪ್ಪ ಬಂದದ್ದು ಮಾತ್ರ ಸದ್ದುಗದ್ದಲ ಇಲ್ಲದೆ, ಭದ್ರಾವತಿ ಬಸ್ಸಿನಲ್ಲಿ. ಟೀಚರಮ್ಮನ ಅಜ್ಜ ತಮಿಳು ಸೀಮೆಯವರು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಲು ಶುರುವಾದ ಮೇಲೆ ಕೂಲಿ ಹುಡುಕಿಕೊಂಡು ಬಂದು ಅಲ್ಲೇ ನಿಂತರಂತೆ. ಟೀಚರಮ್ಮನ ಯಜಮಾನರು ಕಾರ್ಕಳದ ಕಡೆಯ ಕೊಂಕಣಿಯವರು. ಹೆಂಡತಿಯ ಜೋಗುಳ ತಮಿಳು, ಗಂಡನ ಲೆಕ್ಕಾಚಾರ ಕೊಂಕಣಿ, ಜಪಸರ ಮಾತ್ರ ಅಪ್ಪಟ ಕನ್ನಡ. ನಮ್ಮ ಓಣಿಯಲ್ಲಿ ಅದೊಂದೇ ಕ್ಯಾಥೊಲಿಕ್ ಮನೆ. ಹಾಗಾಗಿ ಅವರ ಸಂತರೆಲ್ಲ ಬೇಲಿ ಹಾರಿ ಮಾತಾಡಿಸುವುದಕ್ಕೆ ಇರುವವಳು ನಾನೊಬ್ಬಳೇ.

ಸಂತರೆಂದರೆ ಒಬ್ಬಿಬ್ಬರಲ್ಲ ಮಾರಾಯ್ರೆ! ಗಂಟಲಿಗೆ ಬ್ಲೇಸಿಯಸ್, ಕಣ್ಣಿಗೆ ಲೂಸಿಯಮ್ಮ, ಹಲ್ಲಿಗೆ ಅಪೊಲೋನಿಯ, ಪ್ಲೇಗಿಗೆ ಸೆಬಾಸ್ಟಿಯನ್, ಪ್ರಯಾಣಕ್ಕೆ ಕ್ರಿಸ್ಟೋಫರ್, ಅಡುಗೆಯವರಿಗೆ ಲಾರೆನ್ಸ್, ಬಡಗಿಗಳಿಗೂ ಸುಖವಾಗಿ ಸಾಯಬೇಕೆನ್ನುವವರಿಗೂ ಜೋಸೆಫ್. ಪಾಲಕ ಸಂತರು ಅಂತಾರೆ. ಮೊದಮೊದಲು ಕೇಳಿದಾಗ ಅಬ್ಬಾ, ಇದು ವಿಧಾನಸೌಧಕ್ಕಿಂತ ದೊಡ್ಡ ಸಚಿವಾಲಯ ಅನ್ನಿಸಿತ್ತು. ನಗುವುದಕ್ಕೆ ಹೋದರೆ ನಮ್ಮದೇ ಪಟ್ಟಿ ಎದುರಿಗೆ ಬಂದು ನಿಂತಿತು. ಮೈಮೇಲೆ ಗಾಳಿ ಬಂತೋ, ಉಕ್ಕಡಗಾತ್ರಿ ಅಜ್ಜಯ್ಯ. ಮೈಮೇಲೆ ಅಮ್ಮ ಎದ್ದಿತೋ, ಬೇವಿನ ಸೊಪ್ಪು, ಮಾರೆಮ್ಮ. ದಾವಣಗೆರೆಯವರಿಗೆ ದುರ್ಗಮ್ಮ, ಬೆಟ್ಟ ಹತ್ತುವ ಕಸುವಿದ್ದವರಿಗೆ ಉಚ್ಚಂಗೆಮ್ಮ, ನಮ್ಮೂರಿಗೆ ಹಾಲಸ್ವಾಮಿ ಮಠ. ನ್ಯಾಮತಿ ಕಡೆ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯಲ್ಲಿ ಹೋಗಿ ನೋಡಿ, ದನ ಕಾಯ್ದ ಸೇವಾಲಾಲರನ್ನು ಕಾಣಲು ಮಾಲೆ ಹಾಕಿದ ಲಂಬಾಣಿಗರು ಎಲ್ಲೆಲ್ಲಿಂದಲೋ ನಡೆದು ಬಂದಿರುತ್ತಾರೆ. ನಮಗೇನು ಖಾತೆ ಹಂಚಿಕೆ ಹೊಸದೇ?

"ಆದರೆ ನಾವು ಸಂತರನ್ನು ಪೂಜೆ ಮಾಡಲ್ಲ ರೀ" ಅನ್ನುತ್ತಾರೆ ಟೀಚರಮ್ಮ. ಅದೊಂದು ಮಾತು ಬಂದರೆ ಅವರಿಗೆ ಬಹಳ ಕಟ್ಟುನಿಟ್ಟು. ಆರಾಧನೆ ದೇವರಿಗೆ ಮಾತ್ರ. ಸಂತರನ್ನು ಕೇಳುವುದು "ನಮಗಾಗಿ ಪ್ರಾರ್ಥಿಸಿರಿ" ಅಂತ ಅಷ್ಟೆ. ಅವರು ನಮ್ಮ ಹಾಗೇ ಹೊಟ್ಟೆ, ನೆಗಡಿ, ಸಾಲ ಎಲ್ಲ ಕಂಡವರು, ಈಗ ದೇವರ ಹತ್ತಿರ ಇದ್ದಾರೆ, ಒಂದು ಮಾತು ಹೇಳಲಿ ಅಂತ. 1563ರಲ್ಲಿ ಟ್ರೆಂಟ್ ಎಂಬ ಊರಿನ ಮಹಾಸಭೆಯೇ ಹೀಗೆ ಕೇಳಿಕೊಳ್ಳುವುದು ಒಳ್ಳೆಯದು, ಉಪಯುಕ್ತ ಅಂತ ತೀರ್ಮಾನ ಬರೆದಿಟ್ಟಿದೆ. ಆಗ ಯುರೋಪಿನಲ್ಲಿ ಪ್ರೊಟೆಸ್ಟೆಂಟರು ಎದ್ದು, ನಡುವೆ ಯಾರೂ ಬೇಡ, ನೇರ ದೇವರೇ ಸಾಕು ಅಂದಿದ್ದರಲ್ಲ, ಅವರಿಗೆ ಕೊಟ್ಟ ಉತ್ತರ ಅದು.

ನಮ್ಮ ಯಜಮಾನರು ಈ ವಿಷಯದಲ್ಲಿ ಪೂರಾ ಪ್ರೊಟೆಸ್ಟೆಂಟರ ಪಕ್ಷ. ಹನ್ನೆರಡನೇ ಶತಮಾನದಲ್ಲೇ ಶರಣರು ದೇವರನ್ನು ಅಂಗೈಗೆ ಇಟ್ಟುಕೊಟ್ಟ ಮೇಲೆ ಏಜೆಂಟರು ಯಾಕೆ ಅನ್ನುವುದು ಅವರ ವಾದ. ಅಂಗೈಗೆ ಇಟ್ಟುಕೊಟ್ಟದ್ದು ನಿಜ. ಹಾಗಿದ್ದೂ ವರ್ಷಾ ವರ್ಷಾ ಕೊಟ್ಟೂರಿಗೆ ಯಾಕೆ ನಡೆಯುತ್ತೀರಿ, ಉಕ್ಕಡಗಾತ್ರಿಯಲ್ಲಿ ಮಗನ ಜವಳ ಯಾಕೆ ತೆಗೆಸಿದಿರಿ ಅಂತ ಕೇಳಿದರೆ, "ಅದು ಬೇರೆ" ಅಂತಾರೆ. ಬೇರೆ ಹೇಗೆ ಅಂದರೆ ಕಾಫಿ ಕೇಳುತ್ತಾರೆ.

ನನಗೆ ಅನ್ನಿಸುವುದೇ ಬೇರೆ. ಏಜೆಂಟು, ಶಿಫಾರಸು ಅನ್ನುವುದೆಲ್ಲ ಮೇಲಿನವರ ಕಡೆಯಿಂದ ನೋಡಿದ ಮಾತು. ಕೆಳಗಿನಿಂದ ನೋಡಿ. ಈ ಸಂತರಿಗೆ ಖಾತೆ ಕೊಟ್ಟವರು ಯಾರು? ಬಹುಪಾಲು ರೋಮಿನ ಪೋಪರಲ್ಲ. ಟೀಚರಮ್ಮನಂಥವರು. ಕೀಲಿ ಕಳೆದುಕೊಂಡವರು, ಹಲ್ಲು ನೋವಿನವರು, ಪರೀಕ್ಷೆಗೆ ಓದದವರು.

ಅಂತೋಣಿಯಪ್ಪನದೇ ತಗೊಳ್ಳಿ. 1195ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಹುಟ್ಟಿ ಇಟಲಿಯ ಪಾದುವಾದಲ್ಲಿ ಮಣ್ಣಾದ ಮನುಷ್ಯ. ದೊಡ್ಡ ವಿದ್ವಾಂಸ, ಮಾತಿಗೆ ನಿಂತರೆ ಊರೇ ಸೇರುತ್ತಿತ್ತಂತೆ. 1231ರ ಜೂನ್ 13ಕ್ಕೆ ತೀರಿಕೊಂಡರೆ ವರ್ಷ ತುಂಬುವುದರೊಳಗೆ ಸಂತ ಪದವಿ. ಬದುಕಿದ್ದಾಗ ಹೆಸರಾದದ್ದು ಪ್ರವಚನಕ್ಕೆ, ಪಾಂಡಿತ್ಯಕ್ಕೆ. 1946ರಲ್ಲಿ ಧರ್ಮಸಭೆಯ ಆಚಾರ್ಯ ಅನ್ನುವ ಬಿರುದೂ ಬಂತು. ಜನ ಮಾತ್ರ ಪಾಂಡಿತ್ಯದ ಗೊಡವೆಗೇ ಹೋಗಲಿಲ್ಲ. ಅವರು ಹಿಡಿದುಕೊಂಡದ್ದು ಒಂದು ಸಣ್ಣ ಕಥೆಯನ್ನು. ಆತ ಟಿಪ್ಪಣಿ ಬರೆದಿಟ್ಟುಕೊಂಡಿದ್ದ ಕೀರ್ತನೆಗಳ ಪುಸ್ತಕವನ್ನು ಮಠ ಬಿಟ್ಟು ಓಡಿಹೋಗುವ ಹುಡುಗನೊಬ್ಬ ಎತ್ತಿಕೊಂಡು ಹೋದ. ಅಚ್ಚಿನ ಕಾಲವಲ್ಲ, ಒಂದು ಪುಸ್ತಕ ಅಂದರೆ ಒಂದು ಆಸ್ತಿ. ಅಂತೋಣಿ ಪ್ರಾರ್ಥನೆ ಮಾಡಿದ, ಹುಡುಗ ಪುಸ್ತಕ ಹಿಡಿದುಕೊಂಡು ವಾಪಸ್ ಬಂದ. ಸಾಕು! ಅವತ್ತಿನಿಂದ ಜಗತ್ತಿನ ಕಳೆದ ವಸ್ತುಗಳೆಲ್ಲ ಆತನ ತಲೆಗೆ. ಆತನನ್ನು ಹೂಳಿದ್ದು ಮಂಗಳವಾರ, ಅದಕ್ಕೇ ಮಂಗಳವಾರದ ಹರಕೆ, ಹದಿಮೂರು ಮಂಗಳವಾರದ ನವೇನ. ನಮ್ಮ ಮಾರೆಮ್ಮನಿಗೂ ಅದೇ ವಾರ. ಬೇಲಿಯ ಎರಡೂ ಕಡೆ ಮಂಗಳವಾರ ಸಂಜೆ ದೀಪಕ್ಕೆ ಕಡ್ಡಿ ಗೀರುವ ಸದ್ದು ಒಟ್ಟಿಗೇ ಕೇಳುತ್ತದೆ.

ಸುಮ್ಮನೆ ಕೇಳುವ ಹಾಗಿಲ್ಲ, ಏನಾದರೂ ಕೊಡಬೇಕು ಅನ್ನುವುದೂ ಜನರೇ ಮಾಡಿಕೊಂಡ ಕರಾರು. ಫ್ರಾನ್ಸಿನ ತುಲೋನ್ ಎಂಬ ಊರಿನಲ್ಲಿ 1890ರಲ್ಲಿ ಲೂಯಿಸ್ ಬೂಫಿಯೇ ಅನ್ನುವ ಹೆಂಗಸಿನ ಅಂಗಡಿಯ ಬೀಗ ಏನು ಮಾಡಿದರೂ ತೆಗೆಯಲಿಲ್ಲವಂತೆ. ಬೀಗದವನು ಬಂದ, ಇದ್ದಬದ್ದ ಕೀಲಿ ಹಾಕಿ ನೋಡಿದ, ಬಾಗಿಲು ಒಡೆಯಬೇಕು ಅಂದ. ಆಕೆ, ಅಂತೋಣೀ, ಒಡೆಯದೆ ತೆಗೆದರೆ ಬಡವರಿಗೆ ರೊಟ್ಟಿ ಹಂಚುತ್ತೇನೆ ಅಂದಳು. ಬೀಗ ತೆಗೆಯಿತು, ರೊಟ್ಟಿ ಹಂಚಿದಳು, ಅಂಗಡಿಯ ಹಿಂದೆ ಒಂದು ಡಬ್ಬಿ ಇಟ್ಟಳು. ಅಂತೋಣಿಯ ರೊಟ್ಟಿ ಅನ್ನುವ ಪದ್ಧತಿ ಅಲ್ಲಿಂದ ಲೋಕವೆಲ್ಲ ಹರಡಿತು. ಎಷ್ಟೋ ಚರ್ಚುಗಳಲ್ಲಿ ಬಡವರ ಊಟಕ್ಕೆ ಆ ಹೆಸರಿನ ಡಬ್ಬಿ ಇವತ್ತಿಗೂ ಇದೆ. ಬೀಗಕ್ಕೆ ಎಣ್ಣೆ ಬಿಟ್ಟಿದ್ದರೆ ಆಗುತ್ತಿತ್ತು ಅನ್ನುವವರು ಅನ್ನಲಿ. ಎಣ್ಣೆ ಬಿಟ್ಟಿದ್ದರೆ ಬೀಗ ತೆಗೆಯುತ್ತಿತ್ತು, ಅಷ್ಟು ಹೊಟ್ಟೆ ತುಂಬುತ್ತಿರಲಿಲ್ಲ.

ನಮ್ಮ ಸೀಮೆಯ ಅಂತೋಣಿ ಅಂದರೆ ಮೈಸೂರು ಜಿಲ್ಲೆಯ ಡೋರನಹಳ್ಳಿ. ಹೊಲ ಉಳುತ್ತಿದ್ದ ರೈತನ ನೇಗಿಲಿಗೆ ಮರದ ವಿಗ್ರಹ ಸಿಕ್ಕಿತಂತೆ. ಇದೇನು ಅಂತ ಗೊತ್ತಾಗದೆ ಮಕ್ಕಳಿಗೆ ಆಡಲಿಕ್ಕೆ ಕೊಟ್ಟನಂತೆ. ಆಮೇಲೆ ಕಷ್ಟ, ಕನಸು, ಗುಡಿ. ಈ ಕಥೆಯನ್ನು ಟೀಚರಮ್ಮ ಹೇಳುವಾಗ ನನಗೆ ಯಾವ ಸಾಲೂ ಹೊಸದು ಅನ್ನಿಸಲಿಲ್ಲ. ನಮ್ಮ ಅರ್ಧ ದೇವರುಗಳು ನೇಗಿಲಿಗೇ ಸಿಕ್ಕಿದವರು. ಲಿಸ್ಬನ್ನಿನ ಪಂಡಿತ ಕರ್ನಾಟಕಕ್ಕೆ ಬಂದು ಮಣ್ಣಿನೊಳಗಿಂದ ಎದ್ದ ಅಂದಮೇಲೆ ಇಲ್ಲಿನವನೇ ಆದ ಅಂತ ಲೆಕ್ಕ. ಜೂನ್ 13ರ ಹಬ್ಬಕ್ಕೆ ಅಲ್ಲಿ ಸೇರುವವರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು.

ಖಾತೆ ಹಂಚಿಕೆಯಲ್ಲಿ ಜನರ ಕೈವಾಡ ಎದ್ದು ಕಾಣುವುದು ಹುತಾತ್ಮರ ವಿಷಯದಲ್ಲಿ. ಅಲ್ಲಿ ಒಂದು ಕ್ರೂರವಾದ ತಮಾಷೆಯಿದೆ. ಅಪೊಲೋನಿಯಳ ಹಲ್ಲು ಉದುರಿಸಿದರು, ಹಲ್ಲುನೋವು ಆಕೆಯ ಖಾತೆ. ಲೂಸಿಯ ಕಣ್ಣು ಕಿತ್ತರು ಅನ್ನುತ್ತಾರೆ, ಕಣ್ಣು ಆಕೆಯ ಖಾತೆ. ಲಾರೆನ್ಸ್ ರೋಮಿನ ಚರ್ಚಿನ ಹಣಕಾಸು, ಬಡವರ ದಾನಧರ್ಮ ನೋಡಿಕೊಳ್ಳುತ್ತಿದ್ದವನು. ಕ್ರಿ.ಶ. 258ರ ಆಗಸ್ಟ್ 10ಕ್ಕೆ ಆತನನ್ನು ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಕೆಳಗೆ ಬೆಂಕಿ ಹಾಕಿ ಕೊಂದರು ಅನ್ನುವುದು ನಂಬಿಕೆ. ಈ ಕಡೆ ಬೆಂದಿತು, ಮಗ್ಗುಲು ತಿರುವಿ ಹಾಕಿ ಅಂತ ಕೊಲ್ಲುವವರನ್ನೇ ಹಾಸ್ಯ ಮಾಡಿದನಂತೆ. ಅಂಥವನನ್ನು ಜನ ಅಡುಗೆಯವರ ಪಾಲಕನನ್ನಾಗಿ ಮಾಡಿದರು! ಮೊದಲು ಕೇಳಿದಾಗ ಮೈ ಜುಮ್ಮೆಂದಿತು, ಆಮೇಲೆ ಸರಿ ಕಂಡಿತು. ಯಾವುದರಲ್ಲಿ ನರಳಿದನೋ ಅದರ ಕಷ್ಟ ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ನಮ್ಮ ಕಚೇರಿಗಳಲ್ಲೂ ಇದೇ ನಿಯಮ ತಂದರೆ ಏನು ಚೆಂದ. ಪಹಣಿ ತಿದ್ದುಪಡಿಗೆ ಅಲೆದು ಚಪ್ಪಲಿ ಸವೆಸಿದವನೇ ಕಂದಾಯ ನೋಡಿಕೊಳ್ಳಬೇಕು.

ಈ ಲಾರೆನ್ಸಿನ ವಿಷಯಕ್ಕೆ ಬಂದರೆ ಟೀಚರಮ್ಮನ ಯಜಮಾನರಿಗೆ ಬಾಯಿ ಬರುತ್ತದೆ. ಇಲ್ಲದಿದ್ದರೆ ಮಾತೇ ಆಡದ ಮನುಷ್ಯ. ಕಾರ್ಕಳದ ಹತ್ತಿರ ಅತ್ತೂರು ಅವರ ಸಂತ ಲಾರೆನ್ಸಿನ ಜಾಗ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು, ಹಳೆಯ ಚರ್ಚು ಹಾಳಾಯಿತು. ಅಳಿದುಳಿದವರು 1799ರ ನಂತರ ಊರಿಗೆ ಮರಳಿ, ಹೊಸ ಚರ್ಚಿಗೆ ಜಾಗ ಹುಡುಕುತ್ತಾ ಒಂದಡಿಯ ಮರದ ವಿಗ್ರಹ ಹೊತ್ತು ತಿರುಗಿದರಂತೆ. ದಣಿವಾರಿಸಿಕೊಳ್ಳಲು ಒಂದು ಕಡೆ ಇಳಿಸಿದರೆ ವಿಗ್ರಹ ಮತ್ತೆ ಮೇಲೇಳಲಿಲ್ಲ. ಅಲ್ಲೇ ಚರ್ಚು. ಅದಕ್ಕೆ 2016ರಲ್ಲಿ ಬೆಸಿಲಿಕಾ ಅನ್ನುವ ಮರ್ಯಾದೆ ಬಂತು. ಲಾರೆನ್ಸಿನ ದಿನ ಆಗಸ್ಟ್ 10 ಆದರೂ ಅತ್ತೂರಿನ ಜಾತ್ರೆ ಜನವರಿಯಲ್ಲಿ. ಕರಾವಳಿಯ ಆಗಸ್ಟಿನಲ್ಲಿ ಮೇಣದಬತ್ತಿ ಹಚ್ಚಿ ನೋಡಿ, ಯಾಕೆ ಅಂತ ಗೊತ್ತಾಗುತ್ತದೆ.

ಅವರ ಜೊತೆ ನಾವೂ ಒಮ್ಮೆ ಹೋಗಿದ್ದೆವು, ಆಗುಂಬೆ ಘಾಟಿ ಇಳಿದು. ನಾನು ನೋಡಿದ್ದು ಹೇಳುತ್ತೇನೆ. ಚರ್ಚಿನ ಮಗ್ಗುಲಲ್ಲಿ ಮೇಣದಬತ್ತಿಯ ಕಟ್ಟೆ. ಒಂದೊಂದಾಗಿ ಹಚ್ಚುವುದಕ್ಕೆ ಆಗುವುದೇ ಇಲ್ಲ, ಕಟ್ಟು ಕಟ್ಟಾಗಿ ಹಿಡಿದು ಉರಿಯುವ ಸಾಲಿಗೆ ಒಡ್ಡುತ್ತಾರೆ. ಬಿಸಿ ಎಷ್ಟಿರುತ್ತದೆಂದರೆ ನೆಟ್ಟ ಬತ್ತಿ ಹೊತ್ತಿಕೊಳ್ಳುವ ಮೊದಲೇ ಸೊಂಟ ಬಾಗಿಸಿ ಪಕ್ಕದ ಬತ್ತಿಯ ಮೇಲೆ ಒರಗುತ್ತದೆ. ಕೆಳಗೆ ಕರಗಿದ ಮೇಣ ಹಳದಿ ಕೆನೆಯಾಗಿ ಹರಿಯುತ್ತಿರುತ್ತದೆ. ನನ್ನ ಪಕ್ಕ ಬುರ್ಖಾ ಹಾಕಿದ ಅಜ್ಜಿಯೊಬ್ಬಳು ಮುಖಕ್ಕೆ ಕೈ ಅಡ್ಡ ಹಿಡಿದು ತನ್ನ ಕಟ್ಟನ್ನು ಒಡ್ಡುತ್ತಿದ್ದಳು. ಆಕೆಯ ಹಿಂದೆ ಹಣೆಗೆ ಕುಂಕುಮ ಇಟ್ಟ ಮೊಗವೀರ ಹೆಂಗಸು ಸರದಿಗೆ ನಿಂತಿದ್ದಳು, ಕಾಲಿಗೆ ಮೇಣ ಸಿಡಿದದ್ದಕ್ಕೆ ತುಳುವಿನಲ್ಲಿ ಏನೋ ಬೈದುಕೊಂಡಳು. ಮೈಕಿನಲ್ಲಿ ಒಂದರ ಹಿಂದೊಂದು ಬಲಿಪೂಜೆ ನಡೆಯುತ್ತಿತ್ತು. ನಮ್ಮ ಯಜಮಾನರು, ಇಷ್ಟು ಮೇಣಕ್ಕೆ ಏನು ಮಾಡುತ್ತಾರೆ ಅಂತ ವಿಚಾರಿಸುತ್ತಿದ್ದರು. ಅಡಿಕೆ ವ್ಯಾಪಾರದವರ ಕಣ್ಣು.

ಸಂತರೆಲ್ಲ ಜನರ ನೇಮಕ ಅಂದೆನಲ್ಲ, ರೋಮೂ ಆಗಾಗ ನೇಮಕ ಮಾಡಿದ್ದುಂಟು. ಗಬ್ರಿಯೇಲ್ ದೂತನಿಗೆ 1951ರಲ್ಲಿ ದೂರಸಂಪರ್ಕ ಕೊಟ್ಟರು. ಸಂತ ಕ್ಲಾರಳಿಗೆ 1958ರಲ್ಲಿ ಟೆಲಿವಿಷನ್ ಕೊಟ್ಟರು. ಆಕೆ ಹಾಸಿಗೆ ಹಿಡಿದಿದ್ದಾಗ ದೂರದ ಚರ್ಚಿನ ಕ್ರಿಸ್ಮಸ್ ಪೂಜೆ ಆಕೆಯ ಕೋಣೆಯ ಗೋಡೆಯ ಮೇಲೆ ಕಂಡಿತ್ತಂತೆ, ಅದರ ಮೇಲೆ ಈ ಆದೇಶ. ಆದೇಶವೇನೋ ಸರಿ. ಧಾರಾವಾಹಿ ನಡುವೆ ಪರದೆ ನೀಲಿಯಾದಾಗ ಟೀಚರಮ್ಮ ಕ್ಲಾರಮ್ಮಾ ಅಂದದ್ದನ್ನು ಇಷ್ಟು ವರ್ಷದಲ್ಲಿ ನಾನು ಕೇಳಿಲ್ಲ. ಕೇಬಲ್ ಹುಡುಗನನ್ನೇ ಕರೆಯುತ್ತಾರೆ. ನೆಟ್‌ವರ್ಕ್ ಹೋದರೆ ಗಬ್ರಿಯೇಲನೂ ಇಲ್ಲ, ಟೆರೇಸು ಹತ್ತುತ್ತಾರೆ. ಮೇಲಿನಿಂದ ಬಂದ ನೇಮಕಾತಿ ಕಡತದಲ್ಲಿ ಉಳಿಯುತ್ತದೆ, ಕೆಳಗಿನಿಂದ ಹೋದ ನೇಮಕಾತಿ ನಾಲಿಗೆಯ ಮೇಲೆ ಇರುತ್ತದೆ.

ಇದಕ್ಕೆ ಉಲ್ಟಾ ಸಾಕ್ಷಿ ಮೈಸೂರಿನ ಫಿಲೋಮಿನಮ್ಮ. ಆಕೆಯ ಕಥೆ ಕೇಳಿದ ಮೇಲೆ ನಾನು ಆಕೆಯ ಪಕ್ಷ. 1802ರಲ್ಲಿ ರೋಮಿನ ನೆಲಮಾಳಿಗೆಯ ಸ್ಮಶಾನವೊಂದರಲ್ಲಿ ಎಳೆಯ ಹುಡುಗಿಯೊಬ್ಬಳ ಎಲುಬು ಸಿಕ್ಕವು. ಗೋರಿ ಮುಚ್ಚಿದ್ದ ಮೂರು ಹೆಂಚುಗಳ ಮೇಲೆ ಅಕ್ಷರಗಳಿದ್ದವು. ಹೆಂಚುಗಳ ಸಾಲು ಹಿಂದುಮುಂದಾಗಿತ್ತು, ಸರಿಮಾಡಿ ಓದಿದರೆ ಫಿಲೋಮಿನ, ನಿನಗೆ ಶಾಂತಿ ಅನ್ನುವ ಅರ್ಥ ಬಂತು. ಅಷ್ಟೇ ಗೊತ್ತಿದ್ದದ್ದು. ಹುಟ್ಟು, ಕುಲ, ಮನೆ, ಏನೂ ಇಲ್ಲ. ಆದರೂ ಪವಾಡದ ಸುದ್ದಿ ಎದ್ದಿತು, ಯುರೋಪೆಲ್ಲ ಭಕ್ತರಾದರು. 1926ರಲ್ಲಿ ಮೈಸೂರು ಮಹಾರಾಜರ ಕಾರ್ಯದರ್ಶಿ ತಂಬೂ ಚೆಟ್ಟಿಯವರು ಪೋಪರ ಪ್ರತಿನಿಧಿಯಿಂದ ಆಕೆಯ ಅವಶೇಷದ ತುಣುಕೊಂದನ್ನು ಪಡೆದು ಮೈಸೂರಿಗೆ ತಂದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಎರಡು ಗೋಪುರ, ಒಂದೊಂದು 175 ಅಡಿ. ಮೈಸೂರಿಗೆ ಪ್ರವಾಸ ಹೋದ ಯಾವ ಶಾಲೆಯ ಮಕ್ಕಳನ್ನು ಕೇಳಿದರೂ ಅರಮನೆ, ಝೂ, ಫಿಲೋಮಿನಾ ಚರ್ಚು ಅಂತ ಒಂದೇ ಉಸಿರಿಗೆ ಹೇಳುತ್ತಾರೆ.

ಇಷ್ಟೆಲ್ಲ ಆದ ಮೇಲೆ 1961ರಲ್ಲಿ ರೋಮಿನಿಂದ ಆದೇಶ ಬಂತು. ಈಕೆಯ ಬಗ್ಗೆ ಚರಿತ್ರೆಯ ಆಧಾರ ಸಾಲದು, ಪಂಚಾಂಗದಿಂದ ಹೆಸರು ತೆಗೆಯಿರಿ ಅಂತ. ಸಂತ ಕ್ರಿಸ್ಟೋಫರನದೂ ಸುಮಾರು ಇದೇ ಪಾಡು. ಮಗುವಿನ ರೂಪದಲ್ಲಿದ್ದ ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದವನು ಅಂತ ಕಥೆ. 1969ರಲ್ಲಿ ಲೋಕಕ್ಕೆಲ್ಲ ಅನ್ವಯಿಸುವ ಪಂಚಾಂಗದಿಂದ ಆತನ ಹಬ್ಬ ಹೊರಗೆ ಬಂತು. ಸಂತ ಅಲ್ಲ ಅಂತ ಯಾರೂ ಅಂದಿಲ್ಲ, ಹಬ್ಬ ಮಾತ್ರ ಊರೂರಿನವರಿಗೆ ಬಿಟ್ಟದ್ದು. ಆದರೆ ಡ್ರೈವರುಗಳಿಗೆ ಈ ಸೂಕ್ಷ್ಮ ಎಲ್ಲಿ ಮುಟ್ಟುತ್ತದೆ? ಟೀಚರಮ್ಮನ ಯಜಮಾನರ ಸ್ಕೂಟರ್ ಕೀಲಿಯಲ್ಲಿ ಕ್ರಿಸ್ಟೋಫರ್ ಇನ್ನೂ ನೇತಾಡುತ್ತಿದ್ದಾನೆ, ಆಗುಂಬೆಯ ತಿರುವಿನಲ್ಲಿ ಅವರ ಹೆಬ್ಬೆಟ್ಟು ಆತನ ಮೇಲೇ ಇರುತ್ತದೆ. ಮೈಸೂರಿನವರೂ ಫಿಲೋಮಿನಮ್ಮನ ಚರ್ಚಿನ ಬೋರ್ಡು ಇಳಿಸಲಿಲ್ಲ. ಆಟೋದವನಿಗೆ ಇವತ್ತು ಯಾವ ಹೆಸರು ಹೇಳಿದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತಾನೆ ಕೇಳಿ. ಅವಳಿಗೆ ಊರಿಲ್ಲ, ಮನೆಯಿಲ್ಲ, ಕಾಗದಪತ್ರ ಇಲ್ಲ ಅಂತ ಅಲ್ಲವೇ ಹೊರಗೆ ಹಾಕಿದ್ದು? ಕಾಗದಪತ್ರ ಇಲ್ಲದ ಹೆಣ್ಣುಮಕ್ಕಳು ಆಕೆಯ ಮುಂದೆ ಮೇಣದಬತ್ತಿ ಹಚ್ಚುವುದಕ್ಕೆ ಅದಕ್ಕಿಂತ ದೊಡ್ಡ ಅರ್ಹತೆ ಬೇಕೇ?

ಟೀಚರಮ್ಮ ಒಬ್ಬ ಸಂತನ ಹೆಸರನ್ನು ಮಾತ್ರ ತಮ್ಮ ಶಾಲೆಯ ಮಕ್ಕಳ ಕಿವಿಗೆ ಬೀಳದ ಹಾಗೆ ನೋಡಿಕೊಂಡಿದ್ದಾರೆ. ಕುಪರ್ತಿನೋದ ಜೋಸೆಫ್. ಹದಿನೇಳನೇ ಶತಮಾನದ ಇಟಲಿಯವನು, ಓದಿನಲ್ಲಿ ಶುದ್ಧ ದಡ್ಡ. ಇಡೀ ಬೈಬಲ್ಲಿನಲ್ಲಿ ಆತನಿಗೆ ವಿವರಿಸಲು ಬರುತ್ತಿದ್ದದ್ದು ಒಂದೇ ಒಂದು ವಾಕ್ಯ. ಬಿಷಪ್ಪರು ಪರೀಕ್ಷೆಗೆ ಪುಸ್ತಕ ತೆರೆದರೆ ಅದೇ ವಾಕ್ಯ ಬರಬೇಕೇ! ಮುಂದಿನ ಪರೀಕ್ಷೆಯಲ್ಲಿ ಮೊದಲ ಕೆಲವು ಹುಡುಗರು ಎಷ್ಟು ಚೆನ್ನಾಗಿ ಉತ್ತರ ಹೇಳಿದರೆಂದರೆ ಉಳಿದವರೂ ಹೀಗೇ ಇರಬೇಕು ಅಂತ ಎಲ್ಲರನ್ನೂ ಪಾಸು ಮಾಡಿಬಿಟ್ಟರು, ಉಳಿದವರಲ್ಲಿ ಈತ. ಈಗ ಪರೀಕ್ಷೆ ಬರೆಯುವವರ ಪಾಲಕ. ನಮ್ಮ ಎಸ್ಸೆಸ್ಸೆಲ್ಸಿ ಹುಡುಗರಿಗೆ ಈ ವಿಷಯ ತಿಳಿದರೆ ಮಾರ್ಚ್ ತಿಂಗಳಲ್ಲಿ ಬಸವಾಪಟ್ಟಣದ ಅಂಗಡಿಗಳಲ್ಲಿ ಮೇಣದಬತ್ತಿ ಸಿಗುವುದಿಲ್ಲ. ಕರೆಂಟು ಹೋದಾಗ ಓದುವುದಕ್ಕೆ ಅಂತ ನಾವು ಸಂತೋಷಪಟ್ಟುಕೊಳ್ಳಬೇಕು.

ಹಾಗಂತ ಟೀಚರಮ್ಮ ಎಲ್ಲವನ್ನೂ ಸಂತರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವವರಲ್ಲ. ಫೆಬ್ರವರಿ 3ಕ್ಕೆ ಬ್ಲೇಸಿಯಸ್ ದಿನ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಸಿಕೊಂಡ ಹುಡುಗನನ್ನು ಉಳಿಸಿದ ಬಿಷಪ್ ಆತ. ಅವತ್ತು ಫಾದರ್ ಎರಡು ಮೇಣದಬತ್ತಿಗಳನ್ನು ಕತ್ತರಿಯ ಹಾಗೆ ಅಡ್ಡ ಹಿಡಿದು ಒಬ್ಬೊಬ್ಬರ ಗಂಟಲಿಗೂ ಒತ್ತಿ ಆಶೀರ್ವಾದ ಮಾಡುತ್ತಾರೆ. ಟೀಚರಮ್ಮನ ಮಗ ಗಂಟಲು ಒಡ್ಡಿ ಬಂದ ಸಂಜೆಯೇ ಅವನ ಕೈಗೆ ಉಪ್ಪುನೀರಿನ ಲೋಟವನ್ನೂ ಆ್ಯಂಟಿಬಯಾಟಿಕ್ ಗುಳಿಗೆಯನ್ನೂ ಹಿಡಿಸಿದ್ದನ್ನು ನಾನೇ ಕಂಡಿದ್ದೇನೆ. ಸಂತರು ಇದ್ದಾರೆ ಅಂತ ಡಾಕ್ಟರನ್ನು ಬಿಡುವುದು, ಡಾಕ್ಟರ್ ಇದ್ದಾರೆ ಅಂತ ಸಂತರನ್ನು ಬಿಡುವುದು, ಎರಡೂ ಆ ಮನೆಯಲ್ಲಿ ಇಲ್ಲ.

ಆರೋಗ್ಯದ ದೊಡ್ಡ ಖಾತೆ ಅಂತೂ ಹರಿಹರದಲ್ಲಿದೆ. ಅಲ್ಲಿ ಆರೋಗ್ಯಮಾತೆ. ಸೆಪ್ಟೆಂಬರ್ 8 ಮರಿಯಮ್ಮನವರು ಹುಟ್ಟಿದ ದಿನ, ಅದಕ್ಕೆ ಮುಂಚೆ ಒಂಬತ್ತು ದಿನ ನವೇನ. ದಾವಣಗೆರೆ, ಶಿವಮೊಗ್ಗ, ಭದ್ರಾವತಿ ಕಡೆಯಿಂದೆಲ್ಲ ಜನ ಬರುತ್ತಾರೆ. ಕರಾವಳಿಯಲ್ಲಿ ಅದೇ ದಿನ ಮೊಂತಿ ಹಬ್ಬ, ಮಕ್ಕಳು ಹೂವು ಚೆಲ್ಲಿ, ಹೊಸ ಭತ್ತದ ತೆನೆಯನ್ನು ಚರ್ಚಿನಿಂದ ಮನೆಗೆ ತಂದು ಪಾಯಸಕ್ಕೋ ಹಾಲಿಗೋ ಹಾಕಿ ಕುಡಿಯುತ್ತಾರೆ. ಟೀಚರಮ್ಮನ ಮನೆಯಲ್ಲಿ ಗಂಡ ತೆನೆಗೆ, ಹೆಂಡತಿ ಹರಿಹರಕ್ಕೆ. ಹಾಗಾಗಿ ಬೆಳಿಗ್ಗೆ ಒಂದು, ಸಂಜೆ ಒಂದು. ನನಗೆ ಹರಿಹರದ ಊರೇ ಇಷ್ಟ. ಒಂದು ಕಡೆ 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಅರ್ಧ ಹರಿ ಅರ್ಧ ಹರ ಒಂದೇ ಮೈಯಲ್ಲಿ ನಿಂತಿದ್ದಾರೆ, ಇನ್ನೊಂದು ಕಡೆ ಈ ತಾಯಿ ಮಗು ಎತ್ತಿಕೊಂಡು ನಿಂತಿದ್ದಾಳೆ, ಊರ ಪಕ್ಕದಲ್ಲಿ ತುಂಗಭದ್ರೆ ತನ್ನ ಪಾಡಿಗೆ ಹರಿಯುತ್ತಾಳೆ. ಜಗಳ ಮಾಡುವವರು ಬೇರೆ ಊರು ನೋಡಿಕೊಳ್ಳಬೇಕು.

ಒಮ್ಮೆ ನಾನೇ ಕೇಳಿದೆ. ನಮ್ಮ ಸೂಳೆಕೆರೆಯ ಶಾಂತವ್ವ ನಿಮ್ಮವಳಾಗಿದ್ದರೆ ಏನಾಗುತ್ತಿತ್ತು ಅಂತ. ರಾಜನ ಮಗಳು, ಕೆರೆ ಕಟ್ಟಿಸಿದಳು, ಜಾಗ ಬಿಟ್ಟುಕೊಟ್ಟ ಹೆಂಗಸರ ಮಾತಿನಂತೆ ಕೆರೆಗೆ ಅವರ ಹೆಸರೇ ಉಳಿಸಿದಳು ಅಂತ ಐತಿಹ್ಯ. ಎಷ್ಟೋ ಊರಿನ ಗದ್ದೆ ತೋಟಕ್ಕೆ ಆ ನೀರೇ ಆಧಾರ. ಟೀಚರಮ್ಮ ಯೋಚನೆಯನ್ನೇ ಮಾಡಲಿಲ್ಲ. "ನೀರಾವರಿ ಇಲಾಖೆ ಪಾಲಕಿ" ಅಂದರು. "ಚಾನೆಲ್ ತುದಿಯ ರೈತರು ದಿನಾ ಮೇಣದಬತ್ತಿ ಹಚ್ತಿದ್ರು."

ಜನ ಹೊಸ ನೇಮಕ ಮಾಡುವುದನ್ನು ಈಗಲೂ ನಿಲ್ಲಿಸಿಲ್ಲ. 2006ರಲ್ಲಿ ಹದಿನೈದು ವರ್ಷಕ್ಕೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಇಟಲಿಯ ಹುಡುಗ ಕಾರ್ಲೊ ಅಕುತಿಸ್, ಜೀನ್ಸ್, ಕ್ಯಾನ್ವಾಸ್ ಶೂ, ಕಂಪ್ಯೂಟರು. 2025ರ ಸೆಪ್ಟೆಂಬರ್ 7ಕ್ಕೆ ಸಂತನಾದ. ಅದಕ್ಕೂ ಮುಂಚೆಯೇ ಇಂಟರ್ನೆಟ್ಟು ಆತನದು ಅಂತ ಮಕ್ಕಳು ತೀರ್ಮಾನ ಮಾಡಿ ಆಗಿತ್ತು. ಟೀಚರಮ್ಮನ ಮಗನ ಮೇಜಿನ ಮೇಲೆ ಆ ಹುಡುಗನ ಪಟ ಇದೆ. ಪಟಕ್ಕೆ ಒರಗಿಸಿಟ್ಟದ್ದು ಮೊಬೈಲ್.

ಈ ಪಟ್ಟಿಯನ್ನೆಲ್ಲ ಕೇಳಿ ಕೇಳಿ ನಮ್ಮ ಯಜಮಾನರಿಗೆ ಒಂದು ತಕರಾರು ಹುಟ್ಟಿತ್ತು. "ಎಲ್ಲ ಸರಿ, ಅಡಿಕೆಗೆ ಯಾರು?" ಅಂತ. ಚನ್ನಗಿರಿ ಸೀಮೆಯಲ್ಲಿ ಇದಕ್ಕಿಂತ ನ್ಯಾಯವಾದ ಪ್ರಶ್ನೆ ಇದೆಯೇ? ಟೀಚರಮ್ಮ ಮ್ಯಾಡ್ರಿಡ್ಡಿನ ಇಸಿದೋರನನ್ನು ತಂದರು. ಕೂಲಿ ರೈತ, ಆತ ಪ್ರಾರ್ಥನೆಗೆ ಕೂತರೆ ದೇವದೂತರು ಬಂದು ಹೊಲ ಉಳುತ್ತಿದ್ದರಂತೆ. ಗೋವಾದ ಫ್ರಾನ್ಸಿಸ್ ಕ್ಸೇವಿಯರ್ ಜೊತೆಗೇ, 1622ರ ಮಾರ್ಚ್ 12ರಂದು, ಸಂತ ಪದವಿ ಪಡೆದವನು. ಯಜಮಾನರು ಒಪ್ಪಲಿಲ್ಲ. "ಅವನು ಗೋಧಿಯವನು. ಅಡಿಕೆಗೆ ಉಳುಮೆಯಲ್ಲಿ ಏನಿದೆ? ಕಷ್ಟ ಇರೋದು ಕೊಯ್ಲು ಆದ ಮೇಲೆ" ಅಂದರು.

ಅದು ನಿಜ. ಗೊನೆ ಇಳಿಸಿ ತಂದ ರಾತ್ರಿಯಿಂದಲೇ ಸುಲಿಯುವವರ ಸಾಲು ಕೂರಬೇಕು, ಇಲ್ಲದಿದ್ದರೆ ಕಾಯಿ ಬಾಡುತ್ತದೆ. ಸುಲಿದದ್ದನ್ನು ಹಂಡೆಗೆ ಹಾಕಿ ಚೊಗರಿನಲ್ಲಿ ಬೇಯಿಸಬೇಕು. ಒಲೆಯ ಮುಂದೆ ನಿಂತವರಿಗೆ ಹೊಗೆ, ಹಬೆ, ಮೈ ಬೆವರು, ಕೈಯೆಲ್ಲ ಕಪ್ಪು. ಬೆಂದದ್ದನ್ನು ತೋಡಿ ಬಿಸಿಲಿಗೆ ಹರವಿದರೆ ಆಕಾಶ ನೋಡುತ್ತಾ ಕೂರಬೇಕು.

ಬೇಲಿಯ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಟೀಚರಮ್ಮನ ಯಜಮಾನರು, ಅಪರೂಪಕ್ಕೆ, ತಾವೇ ಬಾಯಿ ತೆರೆದರು. "ಹಾಗಾದರೆ ಲಾರೆನ್ಸ್. ಆಗಸ್ಟ್ ಹತ್ತಕ್ಕೆ ನಿಮ್ಮ ಕೊಯ್ಲೂ ಶುರು, ಅವರ ಹಬ್ಬವೂ ಅವತ್ತೇ. ಬೆಂಕಿ ಗೊತ್ತು, ಮಗ್ಗುಲು ತಿರುವಿ ಹಾಕೋದು ಗೊತ್ತು."

ಏಜೆಂಟರು ಬೇಡ ಅನ್ನುತ್ತಿದ್ದ ನಮ್ಮವರು ಸ್ವಲ್ಪ ಹೊತ್ತು ಮೀಸೆ ತಿರುವಿದರು. "ಬೇಯಿಸೋದಕ್ಕೆ ಇರಲಿ ಬಿಡ್ರಿ, ಅನುಭವಸ್ಥ. ದರಕ್ಕೆ?"

"ದರಕ್ಕೆ ಯೂದ ತದೇಯುಸ್" ಅಂದರು ಟೀಚರಮ್ಮ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರೇ ಈತನದೂ ಆಗಿದ್ದರಿಂದ ಜನ ಹೆದರಿ ಹತ್ತಿರ ಸುಳಿಯುತ್ತಿರಲಿಲ್ಲವಂತೆ. ಹಾಗೆ ಕೆಲಸವಿಲ್ಲದೆ ಕೂತಿದ್ದವನಿಗೆ, ಬೇರೆ ಯಾರೂ ಮುಟ್ಟದ ಕೇಸುಗಳನ್ನೆಲ್ಲ ಒಪ್ಪಿಸಿದ್ದಾರೆ. ಕೈಬಿಟ್ಟ ಕಾಯಿಲೆ, ಮುಗಿಯದ ವ್ಯಾಜ್ಯ, ವಾಪಸ್ ಬರದ ಸಾಲ.

"ಅದೂ ಗ್ಯಾರಂಟಿ ಏನಿಲ್ಲ, ನೋಡಿ" ಅಂತ ಸೇರಿಸಿದರು. "ಅವರ ಹಬ್ಬ ಅಕ್ಟೋಬರ್ ಇಪ್ಪತ್ತೆಂಟಕ್ಕೆ. ಅಲ್ಲಿವರೆಗೂ ಮಾರಬೇಡಿ."